ಸೋಮವಾರದ ಓದುಗ

ಜಯಾನಂದ ಪುಸ್ತಕದ ಅಂಚಿನಲ್ಲಿ ಬರೆಯುತ್ತಿದ್ದಾರೆ, ಇನ್ನು ಸಂಶಯವೇ ಇಲ್ಲ ಎಂದುಕೊಂಡ ರಜತ್. ಕಿಟಕಿ ಪಕ್ಕದ ಮೇಜು, ಬಗ್ಗಿದ ತಲೆ, ಪುಟದ ಅಂಚಿನುದ್ದಕ್ಕೂ ಮೆಲ್ಲಗೆ ಸರಿಯುತ್ತಿರುವ ಗಿಡ್ಡ ಪೆನ್ಸಿಲ್. ಕೌಂಟರಿನಿಂದಲೇ ಕಾಣುತ್ತಿತ್ತು.

ದೆಹಲಿಯ ಆ ಸಂಶೋಧನಾ ಸಂಸ್ಥೆಯ ಗ್ರಂಥಾಲಯಕ್ಕೆ ರಜತ್ ಸೇರಿ ಎರಡು ತಿಂಗಳಾಗಿತ್ತು. ಕೆಲಸ ತಾತ್ಕಾಲಿಕ. ಮುಖ್ಯಸ್ಥೆ ವೈಜಯಂತಿ ಮೇಡಂ ಮಗಳ ಬಾಣಂತನಕ್ಕೆಂದು ಮೈಸೂರಿಗೆ ಹೊರಡುವ ಮುನ್ನ ಒಂದೇ ಮಾತು ಹೇಳಿದ್ದರು. ೨೦೦೭ರ ಏಪ್ರಿಲ್ ಕೊನೆಗೆ ತಪಾಸಣೆ; ಗೀಚಿದ ಪುಸ್ತಕ, ಹರಿದ ಪುಸ್ತಕ ಸಿಕ್ಕರೆ ನಿನ್ನನ್ನು ಮುಂದುವರಿಸಿ ಎಂದು ನಾನು ಕೇಳುವುದು ಕಷ್ಟ. ಜನಕಪುರಿಯ ಮನೆಯಲ್ಲಿ ಅಪ್ಪ ಆಗಲೇ ನಿವೃತ್ತರು. ಈ ಕೆಲಸ ರಜತ್‌ಗೆ ಬೇಕೇ ಬೇಕಿತ್ತು.

ಜಯಾನಂದ ಕರೋಲ್ ಬಾಗ್‌ನ ಉಡುಪಿ ಹೋಟೆಲೊಂದರಲ್ಲಿ ಆರ್ಡರ್ ಬರೆದುಕೊಳ್ಳುವವರು. ಸೋಮವಾರ ಅಲ್ಲಿನ ಮಾರ್ಕೆಟ್ಟಿಗೆ ರಜೆ, ಹೋಟೆಲಿಗೂ ರಜೆ. ರಜೆಯಲ್ಲೂ ಪೆನ್ಸಿಲ್ ಮಾತ್ರ ಕಿವಿ ಬಿಡುತ್ತಿರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹತ್ತಕ್ಕೆ ಬಂದರೆ ಎದ್ದು ಹೋಗುವುದು ಐದಕ್ಕೆ. ಅವರ ಪಾಸಿಗೆ ಸಹಿ ಹಾಕುತ್ತಿದ್ದವರು ಇತಿಹಾಸದ ಪ್ರೊಫೆಸರ್ ಚಂದ್ರಶೇಖರ. ದೋಸೆಯ ಋಣ ಇರಬೇಕು ಎಂದು ರಜತ್ ಒಳಗೊಳಗೇ ನಕ್ಕಿದ್ದ.

ಕೇಳುವುದು ಪ್ರತಿ ಸಲವೂ ಒಂದೇ ಪುಸ್ತಕ. ನೂರು ವರ್ಷಗಳ ಹಿಂದೆ ಅಮೆರಿಕದ ಕಾರ್ಖಾನೆ ನಗರಗಳ ಜನ ಬಿಡುವಿನ ದಿನ ಹೇಗೆ ಕಳೆಯುತ್ತಿದ್ದರು ಎಂಬುದರ ಬಗ್ಗೆ ದಪ್ಪನೆಯ ಇಂಗ್ಲಿಷ್ ಗ್ರಂಥ. ಟ್ರಾಮಿಗೆ ಜೋತುಬಿದ್ದ ಕೂಲಿಗಳು, ಸಮುದ್ರದಂಡೆಯ ಜಯಂಟ್ ವೀಲ್, ಐದು ಸೆಂಟಿನ ಸಿನಿಮಾ ಮಂದಿರದೆದುರು ಸಾಲು ನಿಂತ ಹೊಲಿಗೆ ಕೆಲಸದ ಹುಡುಗಿಯರು. ಗುರುತಿಗೆ ಒಳಗೊಂದು ಹೋಟೆಲ್ ಬಿಲ್ಲಿನ ಚೀಟಿ. ಅದು ವಾರಕ್ಕೆ ನಾಲ್ಕೇ ಪುಟ ಮುಂದೆ ಸರಿಯುವುದೆಂದು ಅವರೇ ಹೇಳಿದ್ದರು. ದಿನವಿಡೀ ಕೂತು ನಾಲ್ಕು ಪುಟ ಓದುವ ಮನುಷ್ಯನನ್ನು ಯಾರು ತಾನೇ ನಂಬುತ್ತಾರೆ?

ಅದೂ ಇಂಗ್ಲಿಷ್ ಬಾರದ ಮನುಷ್ಯ. ಬಾಗಿಲಿನ ನೋಟೀಸನ್ನು ಕೂಡ ರಜತ್ ಓದಿ ಹೇಳಬೇಕಿತ್ತು. ಹಾಗಿದ್ದೂ ಒಂದು ದಿನ ಟ್ರಾಮಿನ ಚಿತ್ರ ತೋರಿಸಿ ಅವರು ಹೇಳಿದ್ದರು:

“ಇವರಿಗೂ ವಾರಕ್ಕೆ ಒಂದೇ ರಜೆಯಂತೆ. ಭಾನುವಾರ ಟ್ರಾಮು ಖಾಲಿ ಓಡಬಾರದು ಅಂತ ಕಂಪನಿಯವರೇ ಲೈನಿನ ಕೊನೆಗೆ ಪಾರ್ಕ್ ಕಟ್ಟಿದ್ರಂತೆ. ಜನ ಮಕ್ಕಳನ್ನ ಕರ್ಕೊಂಡು ಹೋಗ್ತಿದ್ರಂತೆ.”

“ಅಚ್ಛಾ. ಯಾರು ಹೇಳಿದ್ದು, ಅಂಕಲ್?”

“ಇದರಲ್ಲೇ ಉಂಟಲ್ಲ.”

ಈ ಸೋಮವಾರ ಅವರು ಹೋದ ಮೇಲೆ ರಜತ್ ಪುಸ್ತಕ ತೆರೆದ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಅಂಚಿನ ತುಂಬ ಪೆನ್ಸಿಲ್ ಬರಹ. ದುಂಡು ದುಂಡು ಕನ್ನಡ ಅಕ್ಷರ. ರಜತ್‌ಗೆ ಮನೆಮಾತು ಕನ್ನಡವಾದರೂ ದೆಹಲಿಯ ಶಾಲೆಯಲ್ಲಿ ಕಲಿತವನು. ಒಂದಕ್ಷರ ಓದಲು ಬಾರದು. ಓದುವ ಅಗತ್ಯವೂ ಅವನಿಗೆ ಕಾಣಲಿಲ್ಲ. ಈ ಪುಸ್ತಕ ಮುಟ್ಟುವ ಕನ್ನಡಿಗರು ಇನ್ಯಾರಿದ್ದರು?

ದೂರು ಕೊಟ್ಟರೆ ಪಾಸ್ ರದ್ದಾಗುತ್ತದೆ. ಆ ಬಿಳಿ ಅಂಗಿ, ಆ ವಯಸ್ಸು ನೆನಪಾಗಿ ರಜತ್‌ಗೆ ಮನಸ್ಸು ಬರಲಿಲ್ಲ. ಮಂಗಳವಾರದಿಂದ ಶನಿವಾರದವರೆಗೆ ಊಟದ ಬಿಡುವಿನಲ್ಲೂ ರಬ್ಬರ್ ಹಿಡಿದು ಕೂತ. ಮುನ್ನೂರ ಹನ್ನೆರಡು ಪುಟ. ಬೆರಳಿಗೆ ಬೊಬ್ಬೆ ಬಂತು. ಕೊನೆಯ ಪುಟದ ಪುಡಿ ಊದಿದಾಗ ತನ್ನ ಕೆಲಸ ಉಳಿಯಿತೆಂಬ ಖುಷಿ, ಹಿರಿಯರೊಬ್ಬರ ಮಾನವೂ ಉಳಿಯಿತೆಂಬ ಸಮಾಧಾನ.

ಸೋಮವಾರ ಜಯಾನಂದ ಬಂದರು. ಚೀಟಿ ಇದ್ದ ಅರವತ್ತನಾಲ್ಕನೆಯ ಪುಟ ತೆರೆದರು. ಮುಂದಿನ ಪುಟ ಮಗುಚಿದರು. ಮತ್ತೊಂದು. ಆಮೇಲೆ ಒಟ್ಟಿಗೆ ಹತ್ತು, ಇಪ್ಪತ್ತು. ರಜತ್ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಹೇಳಿದ:

“ಅಂಕಲ್, ನಾನೇ ಎಲ್ಲಾ ಸಾಫ್ ಮಾಡಿದೆ. ಯಾರಿಗೂ ಹೇಳಲ್ಲ. ಆದ್ರೆ ಇನ್ಮೇಲೆ ಬರೀಬೇಡಿ, ಪ್ಲೀಸ್.”

ಜಯಾನಂದ ಬಹಳ ಹೊತ್ತು ಅವನ ಕೈಬೆರಳುಗಳನ್ನೇ ನೋಡಿದರು.

“ಇಲ್ಲ, ಇನ್ನು ಯಾರೂ ಬರೆಯುವುದಿಲ್ಲ,” ಎಂದರು. “ಆ ರಬ್ಬರಿನ ಪುಡಿ ಎಲ್ಲಿ ಹಾಕಿದ್ರಿ, ಮಗಾ?”

“ಕಸದ ಬುಟ್ಟಿಗೆ. ಗುಡಿಸೋ ಭಯ್ಯಾ ತಗೊಂಡು ಹೋದ.”

ಸರಿ ಎಂಬಂತೆ ತಲೆಯಾಡಿಸಿ, ಪುಸ್ತಕ ಮುಚ್ಚಿ ಎದ್ದರು. ಗಡಿಯಾರದಲ್ಲಿ ಇನ್ನೂ ಹತ್ತೂ ಕಾಲು. ಪೆನ್ಸಿಲ್ ಮೇಜಿನ ಮೇಲೆಯೇ ಉಳಿಯಿತು. ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲವಲ್ಲ ಎಂದು ರಜತ್‌ಗೆ ಬೇಸರವಾಯಿತು.

ಮಧ್ಯಾಹ್ನ ವೈಜಯಂತಿ ಮೇಡಂ ರಜೆ ಮುಗಿಸಿ ಬಂದಾಗ ಅವನು ಮೊದಲು ತೋರಿಸಿದ್ದು ಆ ಪುಸ್ತಕವನ್ನೇ. ನಡೆದದ್ದನ್ನೆಲ್ಲ ಹೇಳಿದ. ಅವರು ಪುಟ ತಿರುವುತ್ತ ಹೋದರು. ಹಿಂಬದಿಗೆ ಅಂಟಿಸಿದ್ದ, ಹಿಂದಿರುಗಿಸುವ ದಿನಾಂಕದ ಚೀಟಿ ಅರ್ಧ ಎದ್ದಿತ್ತು. ಅದರಡಿ ಇನ್ನೂ ಎರಡು ಸಾಲು ಪೆನ್ಸಿಲ್ ಬರಹ.

“ಅರೆ, ಇದೊಂದು ಉಳಿದುಬಿಟ್ಟಿದೆ,” ಎಂದು ರಜತ್ ರಬ್ಬರಿಗೆ ಕೈ ಹಾಕಿದ.

ಮೇಡಂ ಅವನ ಕೈ ಹಿಡಿದರು. ಆಮೇಲೆ ಮೆಲ್ಲಗೆ ಓದಿ ಹೇಳಿದರು: “ಸೋಮವಾರ ಅಪ್ಪನಿಗೆ ಹೇಳಬೇಕಾದ್ದೆಲ್ಲ ಅಂಚಿನಲ್ಲಿದೆ. ಪುಸ್ತಕ ಹಿಂದಿರುಗಿಸುವ ಮೊದಲು ಅಳಿಸಬೇಕು. ಶ್ರಾವ್ಯಾ.”

“ಶ್ರಾವ್ಯಾ ಯಾರು ಮೇಡಂ?”

“ಜಯಾನಂದರ ಮಗಳು, ಚಂದ್ರಶೇಖರ ಸರ್ ಹತ್ರ ಪಿಎಚ್.ಡಿ. ಮಾಡ್ತಿದ್ದಳು, ಹೋದ ಜುಲೈಯಲ್ಲಿ ತೀರಿಕೊಂಡಳು. ಪುಸ್ತಕ ಹಾಗೇ ವಾಪಸ್ ಬಂತು, ನಿನಗೆ ಹೇಳಿ ಹೋಗೋದು ಮರೆತೆ. ಬೇಗ ಮುಗಿದುಹೋಗಬಾರದು ಅಂತ ಅವರು ಪೆನ್ಸಿಲ್ ತುದಿಯಲ್ಲಿ ಸಾಲು ಹಿಡಿದು ವಾರಕ್ಕೆ ನಾಲ್ಕೇ ಪುಟ ಓದ್ತಿದ್ರು.”