ನಾಣ್ಯ ತಟ್ಟಿದ ಸದ್ದು

ಮಗಳು ಮತ್ತೆ ಓಡುತ್ತ ಮುಗ್ಗರಿಸಿ ಬಿದ್ದಳು. ಅಮ್ಮ ಓಡಿಬಂದವಳೇ ಕೂತದ್ದು ಮಗಳ ಕೃತಕ ಕಾಲಿನ ಮುಂದೆ. ಕಾರ್ಬನ್ ಫೈಬರ್ ಹಾಳೆಗಳನ್ನು ಪದರ ಪದರವಾಗಿ ಅಂಟಿಸಿ ಕಾರ್ಖಾನೆಯಲ್ಲಿ ಆ ಕಾಲನ್ನು ಮಾಡಿದವಳು ಅಮ್ಮನೇ.

“ಬಿದ್ದಿದ್ದು ನಾನು. ನೀನು ಕಾಲನ್ನ ವಿಚಾರಿಸ್ಕೋತೀಯಲ್ಲ!”

“ಬೈಯೋಕೆ ಉಸಿರಿದೆಯಲ್ಲ, ನಿಂಗೇನೂ ಆಗಿಲ್ಲ ಬಿಡು.”

ಇಂಥ ಕಾಲು ಪೆಟ್ಟು ತಿಂದು ತಿಂದು ಒಳಗೆ ಪದರ ಬಿಟ್ಟುಕೊಂಡರೂ ಹೊರಗೆ ಗೀರು ಕಾಣುವುದಿಲ್ಲ. ನಾಣ್ಯದಿಂದ ತಟ್ಟಿದರೆ ಸದ್ದು ಮಂಕಾಗುತ್ತದೆ, ಅಷ್ಟೇ. ಅಮ್ಮ ಉದ್ದಕ್ಕೂ ತಟ್ಟುತ್ತ ಬಂದಳು. ಮಂಕಾಗಲಿ, ಈ ಓಟದ ಹುಚ್ಚು ಇಲ್ಲಿಗೇ ನಿಲ್ಲಲಿ ಎಂದು ಒಳಗೊಳಗೇ ಬೇಡಿಕೊಂಡಳು. ತಟ್ಟಿದಲ್ಲೆಲ್ಲ ಟಣ್ ಎಂದಿತು.

“ಏನಂತೆ?” ಮಗಳ ದನಿ ನಡುಗಿತು.

‘ಒಡೆದಿದೆ’ ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅಮ್ಮ ಅದನ್ನು ನುಂಗಿಕೊಂಡಳು.

“ಇನ್ನೂ ನೂರು ಸಲ ಬೀಳಬಹುದಂತೆ. ಏಳು, ಓಡು.”