ಮೊದಲ ತುಂಡು

ನಡುರಾತ್ರಿ ತಿಕೋಟಾದ ಹಿತ್ತಲಲ್ಲಿ ಯಂತ್ರ ಕೀಂ ಎಂದಿತು. ಒಲೆಯ ಇದ್ದಿಲಿಗೆ ತಾನೇ ಗಾಳಿ ಊದಿ ಶಾಖ ಕಾಪಾಡುವ ಯಂತ್ರವದು. ಶಾಖ ಇಳಿದರೆ, ವಿಜಯಪುರದ ತನ್ನ ಹೋಟೆಲಿನಲ್ಲಿ ಮಲಗಿರುವ ಅಮೋಘಿಯ ಮೊಬೈಲಿಗೂ ತಿಳಿಸುತ್ತದೆ. ಅವನ ಹೆಂಡತಿ ಮಹಾನಂದಾ ಓಡಿಬಂದಳು.

ಹೊಗೆಯಲ್ಲಿ ಕುರಿಮಾಂಸ ಬೇಯುತ್ತಿದ್ದ ಒಲೆಯ ಮುಚ್ಚಳ ತೆರೆದಿತ್ತು. ಅತ್ತೆ ಸಕ್ರವ್ವ ಸುಡುವ ತುಂಡನ್ನು ಸೆರಗಿನಲ್ಲಿ ಹಿಡಿದು ನಿಂತಿದ್ದಳು. ಬೆಂದ ಮೊದಲ ತುಂಡು ಹಿರಿಯರಿಗೆಂಬುದು ಮನೆಯ ಪದ್ಧತಿ. ಮುಚ್ಚಳ ತೆಗೆದರೆ ಶಾಖ ಕೆಡುತ್ತದೆಂದು ಅಮೋಘಿ ಆ ಪದ್ಧತಿಯನ್ನು ನಿಲ್ಲಿಸಿದ್ದ.

ಫೋನ್ ಬಂತು. “ಮುಚ್ಚಳ ಯಾರ್ ತೆಗದ್ರು? ಅವ್ವ ಏನು?”

“ನಾನ್ರೀ. ಕೆಂಡ ನೋಡಾಕ.”

“ಬುದ್ಧಿ ಐತೇನ್ ನಿನಗ? ಮಷೀನ್ ಎಲ್ಲಾ ಹೇಳತೈತಿ ನನಗ.”

ಸಕ್ರವ್ವ ತುಂಡನ್ನು ತಿರುಗಿ ಇಡಲು ಬಂದಳು. ಮಹಾನಂದಾ ಮುಚ್ಚಳ ಹಾಕಿಬಿಟ್ಟಳು. “ತಿನ್ರಿ ಅತ್ತಿ, ಆರತೈತಿ.”

ಅತ್ತೆ ಗೋಡೆಗೆ ಮುಖಮಾಡಿ, ತನ್ನ ಮನೆಯಲ್ಲೇ ಕದ್ದವಳಂತೆ ತಿಂದಳು. ಅದನ್ನು ಯಾರಿಗೂ ಹೇಳಬಾರದೆಂದು ಮಹಾನಂದಾ ನಿರ್ಧರಿಸಿದಳು.