ಬಿಟ್ಟುಹೋದ ಸೊನ್ನೆ

“ಈ ದೇಶದ ಪುಟ ಬರೆದವರು ನೀವೇನಾ?” ಎಂದು ಆ ಹೆಂಗಸು ಕೇಳಿದಾಗ ಹದ್ದಿನಕಣ್ಣನ ಕೆಂಪು ಪೆನ್ನು ಗಾಳಿಯಲ್ಲೇ ನಿಂತಿತು. ಹೊರಗೆ ಕಾಗೆ ಹಾರುತ್ತಲೇ ಹುರಿದುಹೋಗುವಂಥ ಬಿಸಿಲು. ಅವಳ ಉಣ್ಣೆಯ ಟೋಪಿಯ ಮೇಲೆ ಮಾತ್ರ ಹಿಮ.

ಹದ್ದಿನಕಣ್ಣ ಸಾಮಾನ್ಯ ಆಸಾಮಿಯಲ್ಲ. ವಿಶ್ವಕೋಶದ ಕರಡು ತಿದ್ದಲು ಕೂತರೆ ತಪ್ಪುಗಳು ತಾವೇ ಎದ್ದು ಬಂದು ಶರಣಾಗುತ್ತಿದ್ದವು. ಅದನ್ನು ನಕಲು ಹೊಡೆಯುವ ಕಳ್ಳರು ಸಿಕ್ಕಿಬೀಳಲೆಂದು ಉತ್ತರದ ತುದಿಯಲ್ಲಿ ಒಂದು ಸುಳ್ಳು ದೇಶವನ್ನೇ ಹುಟ್ಟಿಸಿದ್ದ. ಕಡಲು ದಾಟಿ ಬಂದ ನಾವಿಕರು ನೆಲೆಸಿದ ನಾಡು, ಆಡಿದ ಮಾತು ಬಾಯಲ್ಲೇ ಹೆಪ್ಪುಗಟ್ಟುವ ಚಳಿ, ಮೊದಲು ಬರೆದಾಗ ಜನಸಂಖ್ಯೆ ೪೦೦೦.

“ನಾನೇ ಕಣಮ್ಮಾ. ಅಂಥ ದೇಶ ನನ್ನ ತಲೆಯಲ್ಲಿ ಬಿಟ್ರೆ ಬೇರೆಲ್ಲೂ ಇಲ್ಲ.”

“ಚಳಿ ಇರ್ಲಿ ಅಣ್ಣಾ, ಅಭ್ಯಾಸ ಆಗಿದೆ,” ಎನ್ನುತ್ತ ಅವಳು ಹಿಂದಿನ ಆವೃತ್ತಿಯ ಪುಟ ಬಿಡಿಸಿಟ್ಟಳು. “ಆದ್ರೆ ಹೋದ ಸಲ ಇಲ್ಲೊಂದು ಸೊನ್ನೆ ಬಿಟ್ಟುಬಿಟ್ಟಿದ್ದೀರಿ.” ಜನಸಂಖ್ಯೆ ೪೦೦ ಎಂದಿತ್ತು. “ಆ ಸೊನ್ನೇಲಿ ನಮ್ಮ ಯಜಮಾನ್ರಿದ್ರು. ನನ್ನ ಮಗಳೂ ಇದ್ಲು.”

ಅವನೆದುರಿನ ಹೊಸ ಕರಡಿನಲ್ಲೂ ೪೦೦ ಎಂದೇ ಇತ್ತು. ಇನ್ನರ್ಧ ಗಂಟೆಯಲ್ಲಿ ಅದು ಅಚ್ಚಿಗೆ ಹೋಗಬೇಕಿತ್ತು. ನಕ್ಕುಬಿಡೋಣವೆಂದು ಬಾಯಿ ತೆರೆದರೆ ನಗುವಿನ ಬದಲು ಬಿಳಿಯ ಹಬೆ ಬಂತು. ಕೆಂಪು ಪೆನ್ನಿನಿಂದ ಕೊನೆಗೊಂದು ಸೊನ್ನೆ ಸೇರಿಸಿದ.

ಒಬ್ಬರು ಹತ್ತಿದರೂ ಊರಿಗೆಲ್ಲ ಕೇಳುವಂತೆ ನರಳುವ ಕಚೇರಿಯ ಮರದ ಮೆಟ್ಟಿಲು ಕೆಳಗಿನಿಂದ ಕಿರುಗುಟ್ಟತೊಡಗಿತು. ಒಂದು ಹೆಜ್ಜೆ, ಹತ್ತು, ನೂರು, ಆಮೇಲೆ ಲೆಕ್ಕವಿಲ್ಲದಷ್ಟು. ಎಲ್ಲಕ್ಕಿಂತ ಮುಂದೆ ಒಂದು ಪುಟ್ಟ ದನಿ, “ಅಮ್ಮಾ, ಎಲ್ಲಿದ್ದೀಯಾ?”